ಗ್ರೀಸ್–ರೋಮ್ ಓದಲು ಎಂಎ: ಬ್ರಿಟನ್, ಅಮೆರಿಕ, ಜರ್ಮನಿ, ಇಟಲಿ, ಇಲ್ಲವೇ ನಮ್ಮಲ್ಲೇ – ಯಾರಿಗೆ ಯಾವುದು?

ಪ್ರಾಚೀನ ಗ್ರೀಸ್ ಮತ್ತು ರೋಮಿನ ಬಗ್ಗೆ ಸ್ನಾತಕೋತ್ತರ ಓದಿಗೆ ಹೊರಟವರು ಮೊದಲು ಕೇಳುವುದು 'ಯಾವ ದೇಶ, ಯಾವ ಯೂನಿವರ್ಸಿಟಿ?' ಎಂದು. ಅದಕ್ಕೂ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳು ಎರಡಿವೆ. ಗ್ರೀಕ್, ಲ್ಯಾಟಿನ್ ಎಷ್ಟು ಬರುತ್ತದೆ? ದುಡ್ಡು ಯಾರು ಕೊಡುತ್ತಾರೆ? ಇವೆರಡಕ್ಕೆ ಪ್ರಾಮಾಣಿಕ ಉತ್ತರ ಬರೆದುಕೊಂಡರೆ ಎದುರಿಗಿರುವ ಹತ್ತು ದಾರಿಗಳಲ್ಲಿ ಏಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಉಳಿದ ಮೂರರಲ್ಲಿ ಆರಿಸುವುದು ಅಷ್ಟೇನೂ ಕಷ್ಟವಲ್ಲ.

ಮೊದಲು ಭಾಷೆ

ಈ ವಿಷಯದ ಓದಿನಲ್ಲಿ ಭಾಷೆಯೇ ಗಾರೆ, ಭಾಷೆಯೇ ಇಟ್ಟಿಗೆ. ಅಥೆನ್ಸಿನ ಪ್ರಜಾಪ್ರಭುತ್ವದ ಮೇಲೆ ಇಂಗ್ಲಿಷಿನಲ್ಲಿ ಎಷ್ಟೇ ಓದಿಕೊಂಡಿದ್ದರೂ, ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸನ ಒಂದು ಪುಟವನ್ನು ಮೂಲದಲ್ಲಿ ಓದಲಾಗದವರನ್ನು ಒಳ್ಳೆಯ ವಿಭಾಗಗಳು ಪಿಎಚ್‌ಡಿಗೆ ತೆಗೆದುಕೊಳ್ಳುವುದು ಅಪರೂಪ. ಅಮೆರಿಕದ ಪಿಎಚ್‌ಡಿ ಪ್ರವೇಶಕ್ಕೆ ಸಾಮಾನ್ಯವಾಗಿ ನಿರೀಕ್ಷಿಸುವುದು ಒಂದು ಭಾಷೆಯಲ್ಲಿ ಮೂರು ವರ್ಷ, ಇನ್ನೊಂದರಲ್ಲಿ ಎರಡು ವರ್ಷದ ಕಾಲೇಜು ಮಟ್ಟದ ಅಭ್ಯಾಸ. ನಮ್ಮ ಬಿಎಗಳಲ್ಲಿ ಇದು ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆಯ ಹೆಚ್ಚಿನವರು ಶುರು ಮಾಡುವುದು ಸೊನ್ನೆಯಿಂದ.

ಸೊನ್ನೆ ಅಂದರೂ ಪೂರ್ತಿ ಸೊನ್ನೆಯಲ್ಲ. ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದ ಮೊದಲ ಮೂರು ಪದ ನೋಡಿ: 'ಮೇನಿನ್ ಅಯೇದೆ ಥೆಯಾ'. ಪದಕ್ಕೆ ಪದ ಇಟ್ಟರೆ 'ಕೋಪವನ್ನು ಹಾಡು ದೇವಿ'. 'ಮೇನಿನ್' ಪದದ ಕೊನೆಯ ನಕಾರ ನಮ್ಮ ದ್ವಿತೀಯಾ ವಿಭಕ್ತಿ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತಿದೆ. ಇಂಗ್ಲಿಷ್ ವಿದ್ಯಾರ್ಥಿ ಪದಗಳ ಜಾಗ ಅದಲುಬದಲು ಮಾಡಿಕೊಂಡು ಅರ್ಥ ಕಟ್ಟಬೇಕು, ಕನ್ನಡದವರು ಇದ್ದ ಹಾಗೇ ಓದಿಕೊಂಡು ಹೋಗಬಹುದು. ಲ್ಯಾಟಿನ್ ಕವಿ ವರ್ಜಿಲನ 'ಆರ್ಮಾ ವಿರುಂಕ್ವೆ ಕಾನೋ' ಇನ್ನೂ ಹತ್ತಿರ. 'ಆಯುಧಗಳನ್ನು, ಪುರುಷನನ್ನೂ ಹಾಡುತ್ತೇನೆ.' 'ವಿರುಂಕ್ವೆ'ಯಲ್ಲಿರುವ 'ಕ್ವೆ' ಪದದ ಬಾಲಕ್ಕೆ ಅಂಟುವ ನಮ್ಮ 'ಊ' ಇದ್ದ ಹಾಗೆ. 'ಕಾನೋ' ಒಂದರಲ್ಲೇ 'ನಾನು' ಅಡಗಿದೆ, 'ಹಾಡುತ್ತೇನೆ'ಯಲ್ಲಿ ಅಡಗಿರುವಂತೆಯೇ. ಸಂಸ್ಕೃತ ಓದಿದವರಿಗೆ ಮತ್ತೂ ಅನುಕೂಲ: ದ್ವಿವಚನ, ಆತ್ಮನೇಪದ, ಭೂತಕಾಲಕ್ಕೆ ಧಾತುವಿನ ಮುಂದೆ ಬರುವ ಅಡಾಗಮ ಎಲ್ಲವೂ ಗ್ರೀಕಿನಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತವೆ. ಸಂಸ್ಕೃತ ಎಂಎ ಮಾಡಿದವರು ಅರ್ಜಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸಬಾರದು. ವಿಭಕ್ತಿ, ಲಕಾರಗಳ ಭಾಷೆಯೊಂದನ್ನು ಮೂಲದಲ್ಲಿ ಐದು ವರ್ಷ ಓದಿದ್ದೇನೆ, ಇಂತಿಂಥ ಪಠ್ಯ, ಇಷ್ಟಿಷ್ಟು ಶ್ಲೋಕ ಎಂದು ಬಿಡಿಸಿ ಬರೆಯಬೇಕು. ಆಯ್ಕೆ ಸಮಿತಿಯವರಿಗೆ ಅದರ ಬೆಲೆ ಗೊತ್ತು.

ಲೆಕ್ಕಕ್ಕೆ ಬರೋಣ. ಅಮೆರಿಕದ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ವೀಲಾಕ್ ಲ್ಯಾಟಿನ್ ಪಠ್ಯದಲ್ಲಿ 40 ಅಧ್ಯಾಯಗಳಿವೆ. ಕೆಲಸ ಮಾಡುತ್ತಾ ಓದುವವರಿಗೆ ವಾರಕ್ಕೊಂದು ಅಧ್ಯಾಯ, ಅಂದರೆ ವಾರಕ್ಕೆ ಎಂಟು–ಹತ್ತು ಗಂಟೆ, ಸಾಧ್ಯವಾಗುವ ವೇಗ. ಹತ್ತು ತಿಂಗಳಲ್ಲಿ ವ್ಯಾಕರಣ ಮುಗಿದರೂ ಓದಲು ಬಂದಂತಾಗುವುದಿಲ್ಲ. ಆಮೇಲೆ ಸೀಸರ್, ಸಿಸೆರೊ, ಓವಿಡ್ ಎಂದು ದಿನಕ್ಕೆ ಇಪ್ಪತ್ತು–ಮೂವತ್ತು ಸಾಲಿನಂತೆ ಇನ್ನೊಂದು ವರ್ಷ ಬೇಕು. ಗ್ರೀಕಿಗೆ ಇದಕ್ಕಿಂತ ಜಾಸ್ತಿ, ಯಾಕೆಂದರೆ ಕ್ರಿಯಾಪದದ ರೂಪಗಳು ಲ್ಯಾಟಿನ್ನಿಗಿಂತ ಬಹಳ. ಎಡವುವುದು ಎಲ್ಲಿ ಅಂದರೆ, ವಿಭಕ್ತಿ ಪಟ್ಟಿಯನ್ನು ಬಾಯಿಪಾಠ ಮಾಡಿ, ಪಕ್ಕದಲ್ಲಿ ಅನುವಾದ ಇಟ್ಟುಕೊಂಡು ಓದಿ, 'ಬಂತು' ಅಂದುಕೊಳ್ಳುವುದರಲ್ಲಿ. ಪರೀಕ್ಷೆಯಲ್ಲಿ ಕೊಡುವುದು ಹಿಂದೆಂದೂ ನೋಡದ ಭಾಗ, ಒಂದು ಗಂಟೆ ಸಮಯ. ಅನುವಾದ ಮುಚ್ಚಿಟ್ಟು ಓದುವ ಅಭ್ಯಾಸವನ್ನು ಮೂರನೇ ತಿಂಗಳಿನಿಂದಲೇ ಮಾಡಬೇಕು.

ಉಳಿದ ಅಳತೆಗೋಲುಗಳು

ಖರ್ಚಿನ ಮಾತು ಆಯಾ ದೇಶದ ಕೆಳಗೆ ಬರುತ್ತದೆ. ಅದಕ್ಕಿಂತ ಮುಂಚೆ, ಈ ವಿಷಯದೊಳಗೆ ನಿಮ್ಮದು ಯಾವ ಕವಲು ಎಂದು ತಿಳಿದಿರಬೇಕು. ಭಾಷೆ–ಸಾಹಿತ್ಯದ ಕ್ಲಾಸಿಕ್ಸ್, ಪ್ರಾಚೀನ ಇತಿಹಾಸ, ಪುರಾತತ್ವ, ಆ ಸಾಹಿತ್ಯ ಮುಂದಿನ ಕಾಲದಲ್ಲಿ ಬೇರೆ ಭಾಷೆಗಳಿಗೆ ಹರಿದುಬಂದ ಬಗೆಯ ಅಧ್ಯಯನ ಎಂದು ಸ್ಥೂಲವಾಗಿ ನಾಲ್ಕು. ಮೊದಲನೆಯದಕ್ಕೆ ಎರಡೂ ಭಾಷೆ ಬೇಕೇ ಬೇಕು. ಇತಿಹಾಸಕ್ಕೆ ಒಂದು ಚೆನ್ನಾಗಿ ಬರಬೇಕು, ಇನ್ನೊಂದು ಶುರುವಾಗಿರಬೇಕು. ಪುರಾತತ್ವಕ್ಕೆ ಎಂಎ ಹಂತದಲ್ಲಿ ಭಾಷೆಗಿಂತ ಉತ್ಖನನದ ಅನುಭವ ಮುಖ್ಯ. ನಾಲ್ಕನೆಯದರಲ್ಲಿ ಕನ್ನಡ ಬಲ್ಲವರಿಗೆ ಬೇರೆ ಯಾರಿಗೂ ಇಲ್ಲದ ಜಾಗವಿದೆ: ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಸೋಫೊಕ್ಲಿಸನ 'ಅಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ತಂದ ರೀತಿಯನ್ನು ಗ್ರೀಕ್ ಮೂಲ, ಕನ್ನಡ ಎರಡನ್ನೂ ಓದಿ ಬರೆಯಬಲ್ಲವರು ಎಷ್ಟು ಜನ ಇದ್ದಾರು?

ವಾಪಸ್ ಬಂದು ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದ್ದರೆ ಪದವಿಯ ಹೆಸರನ್ನು ಗಮನಿಸಿ. ಯುಜಿಸಿ ನೆಟ್ ಪರೀಕ್ಷೆಯ ವಿಷಯಪಟ್ಟಿಯಲ್ಲಿ ಕ್ಲಾಸಿಕ್ಸ್ ಎನ್ನುವುದು ಇಲ್ಲ. ಇತಿಹಾಸ, ಪುರಾತತ್ವ, ತೌಲನಿಕ ಸಾಹಿತ್ಯ, ಇಂಗ್ಲಿಷ್ ಇವೆ. ಒಂದೇ ಓದು, ಒಂದೇ ವಿಭಾಗ ಆದರೂ ಸರ್ಟಿಫಿಕೇಟಿನ ಮೇಲೆ 'ಪ್ರಾಚೀನ ಇತಿಹಾಸ' ಅಥವಾ 'ಪುರಾತತ್ವ' ಎಂದಿದ್ದರೆ ಇತಿಹಾಸ ವಿಭಾಗದ ಹುದ್ದೆಗೆ ಅರ್ಜಿ ಹಾಕುವಾಗ ವಾದ ಮಾಡುವ ಪ್ರಸಂಗ ಬರುವುದಿಲ್ಲ. ಬ್ರಿಟನ್ನಿನ ಒಂದು ವರ್ಷದ ಎಂಎಗೆ ಇಲ್ಲಿ ಬೆಲೆಯಿಲ್ಲ ಎಂಬ ಹಳೆಯ ಭಯ ಈಗ ಬೇಡ. ಪದವಿಗಳ ಪರಸ್ಪರ ಮಾನ್ಯತೆಯ ಬಗ್ಗೆ ಎರಡೂ ದೇಶಗಳು 2022ರ ಜುಲೈನಲ್ಲಿ ಒಡಂಬಡಿಕೆ ಮಾಡಿಕೊಂಡಿವೆ.

ಇನ್ನೊಂದು ವಿಷಯ ಕರ್ನಾಟಕದವರಿಗೇ ಸಂಬಂಧಿಸಿದ್ದು. 2021–22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕೈಬಿಟ್ಟು 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಮೂರು ವರ್ಷದ ಬಿಎ ಬ್ರಿಟನ್, ಇಟಲಿಗಳಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಮಾತ್ರ ನಾಲ್ಕು ವರ್ಷ ಕೇಳುತ್ತವೆ. ಆದ್ದರಿಂದ ಅಮೆರಿಕದ ಆಸೆ ಇರುವವರು ಇಲ್ಲೊಂದು ಎಂಎ ಮುಗಿಸಿ ಹೋಗುವುದು ವಾಸಿ. ಅದೇ ಎರಡು ವರ್ಷ ಭಾಷೆ ಕಲಿಯಲು ಸಿಗುತ್ತದೆ.

ಬ್ರಿಟನ್: ಒಂದು ವರ್ಷ, ದೊಡ್ಡ ಮೊತ್ತ

ಅತಿ ಹೆಚ್ಚು ಜನ ನೋಡುವುದು ಈ ದಾರಿಯನ್ನು. ಆಕ್ಸ್‌ಫರ್ಡಿನ ಎಂಎಸ್‌ಟಿ, ಕೇಂಬ್ರಿಡ್ಜಿನ ಎಂಫಿಲ್ ಎರಡೂ ಒಂಬತ್ತು ತಿಂಗಳ ಸ್ನಾತಕೋತ್ತರ ಪದವಿಗಳು. ಆಕ್ಸ್‌ಫರ್ಡಿನ ಎಂಫಿಲ್ ಎರಡು ವರ್ಷದ್ದು. ಲಂಡನ್ನಿನಲ್ಲಿ ಕಿಂಗ್ಸ್, ಯುಸಿಎಲ್, ರಾಯಲ್ ಹಾಲೋವೆ ಮೂರೂ ಸೇರಿ ಎಂಎ ತರಗತಿಗಳನ್ನು ಹಂಚಿಕೊಳ್ಳುತ್ತವೆ. ಒಂದು ಕಡೆ ಸೇರಿದವರು ಇನ್ನೊಂದು ಕಡೆಯ ಶಾಸನಗಳ ಅಥವಾ ಪಪೈರಸ್‌ಗಳ ಪಾಠಕ್ಕೆ ಹೋಗಿ ಕೂರಬಹುದು. ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಟ್ಟಡದಲ್ಲಿರುವ ಕ್ಲಾಸಿಕ್ಸ್ ಗ್ರಂಥಾಲಯ ಮೂವರಿಗೂ ಸಮಾನ. ಪುಸ್ತಕದ ದೃಷ್ಟಿಯಿಂದ ನೋಡಿದರೆ ಲಂಡನ್ ಆಕ್ಸ್‌ಫರ್ಡಿಗೆ ಹೆಚ್ಚೇನೂ ಕಡಿಮೆಯಲ್ಲ.

ಭಾಷೆ ಬಾರದವರು ಇಲ್ಲಿ ಹೆಸರುಗಳನ್ನು ಜಾಗ್ರತೆಯಿಂದ ಓದಬೇಕು. ಆಕ್ಸ್‌ಫರ್ಡಿನ ಗ್ರೀಕ್–ಲ್ಯಾಟಿನ್ ಭಾಷೆ ಮತ್ತು ಸಾಹಿತ್ಯದ ಎಂಎಸ್‌ಟಿಗೆ ಮೂಲದಲ್ಲಿ ಓದುವ ಶಕ್ತಿ ಇದ್ದವರಷ್ಟೇ ಅರ್ಜಿ ಹಾಕಬೇಕು. ಅದೇ ವಿಶ್ವವಿದ್ಯಾಲಯದ ಗ್ರೀಕ್/ರೋಮನ್ ಇತಿಹಾಸದ ಎಂಎಸ್‌ಟಿಯಲ್ಲಿ ಭಾಷಾಕಲಿಕೆಯನ್ನೇ ಓದಿನ ಒಂದು ಭಾಗವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಇತಿಹಾಸ ಬಿಎ ಮಾಡಿದವರು ಮೊದಲನೆಯದಕ್ಕೆ ಅರ್ಜಿ ಹಾಕಿ ತಿರಸ್ಕೃತರಾಗುವುದು ತೀರಾ ಸಾಮಾನ್ಯ. ಎರಡನೆಯದಕ್ಕೆ ಹಾಕಿದ್ದರೆ ಕನಿಷ್ಠ ಪರಿಶೀಲನೆಗಾದರೂ ಬರುತ್ತಿತ್ತು.

ಈಗ ಲಂಡನ್ನಿನ ಒಂದು ವರ್ಷದ ಖರ್ಚು ಕೂಡಿಸೋಣ. ಬ್ರಿಟನ್ನಿನಲ್ಲಿ ವಿದೇಶೀ ವಿದ್ಯಾರ್ಥಿಗಳ ಫೀಸು ಈ ವಿಷಯಕ್ಕೆ ಸುಮಾರು 20,000ದಿಂದ 45,000 ಪೌಂಡಿನವರೆಗೆ ಹರಡಿಕೊಂಡಿದೆ. 28,000 ಎಂದು ಹಿಡಿಯಿರಿ. ವೀಸಾಕ್ಕೆ ತೋರಿಸಬೇಕಾದ ಜೀವನವೆಚ್ಚ ಲಂಡನ್ನಿಗೆ ತಿಂಗಳಿಗೆ 1,529 ಪೌಂಡಿನಂತೆ ಒಂಬತ್ತು ತಿಂಗಳಿಗೆ 13,761. ಆರೋಗ್ಯ ಸರ್ಚಾರ್ಜ್ ವರ್ಷಕ್ಕೆ 776. ಆದರೆ 12 ತಿಂಗಳ ಕೋರ್ಸಿಗೆ ವೀಸಾ ಅದಕ್ಕಿಂತ ಉದ್ದ ಇರುವುದರಿಂದ ಒಂದೂವರೆ ವರ್ಷದ್ದು, ಅಂದರೆ 1,164 ಕಟ್ಟಬೇಕು. ಇದನ್ನು ಮರೆಯುವವರು ಬಹಳ. ಒಟ್ಟು 42,925. ಪೌಂಡಿಗೆ 115 ರೂಪಾಯಿಯಂತೆ 49 ಲಕ್ಷ ದಾಟಿತು, ವೀಸಾ ಮತ್ತು ವಿಮಾನದ ಟಿಕೆಟ್ಟು ಸೇರಿದರೆ 50 ಲಕ್ಷ. ಲಂಡನ್ನಿನ ಹೊರಗಾದರೆ ತೋರಿಸಬೇಕಾದ ಮೊತ್ತ ತಿಂಗಳಿಗೆ 1,171ಕ್ಕೆ ಇಳಿಯುತ್ತದೆ. ಈ ಹಣ ಖಾತೆಯಲ್ಲಿ ಎಡೆಬಿಡದೆ 28 ದಿನ ಇರಬೇಕು. ಮಧ್ಯೆ ಒಂದು ದಿನ ಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತದೆ. ಪಾಠಪ್ರಧಾನ ಎಂಎಗೆ ಹೋಗುವವರು 2024ರ ಜನವರಿಯಿಂದ ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಕರೆದೊಯ್ಯುವಂತಿಲ್ಲ.

ಸಾಲ ಮಾಡಿ ಈ ಓದಿಗೆ 50 ಲಕ್ಷ ಹಾಕುವುದನ್ನು ಯಾರಿಗೂ ಹೇಳಲು ಮನಸ್ಸು ಒಪ್ಪುವುದಿಲ್ಲ. ಎಂಜಿನಿಯರಿಂಗ್ ಸಾಲದ ಹಾಗೆ ಸಂಬಳದಲ್ಲಿ ತೀರುವ ಸಾಲ ಇದಲ್ಲ. ಆದ್ದರಿಂದ ಬ್ರಿಟನ್ ಅಂದರೆ ವಿದ್ಯಾರ್ಥಿವೇತನದ ಬೇಟೆ ಎಂದೇ ತಿಳಿಯಬೇಕು. ಫೆಲಿಕ್ಸ್ ವಿದ್ಯಾರ್ಥಿವೇತನ ಮುಖ್ಯವಾಗಿ ಭಾರತದ ಪದವೀಧರರಿಗೆ ಇರುವುದು, ಆಕ್ಸ್‌ಫರ್ಡ್, ರೀಡಿಂಗ್, ಲಂಡನ್ನಿನ ಸೋಆಸ್ ಮೂರು ಕಡೆ ಮಾತ್ರ. ಎಲ್ಲರೂ ಆಕ್ಸ್‌ಫರ್ಡಿಗೆ ನುಗ್ಗುತ್ತಾರೆ. ರೀಡಿಂಗಿನ ಕ್ಲಾಸಿಕ್ಸ್ ವಿಭಾಗ ಚೆನ್ನಾಗಿದೆ, ವಿಭಾಗದೊಳಗೇ ಗ್ರೀಕ್ ಮಡಕೆಗಳ ಯೂರ್ ಮ್ಯೂಸಿಯಂ ಇದೆ. ಆ ಅರ್ಜಿಯನ್ನು ಬಿಡಬಾರದು. ಆಕ್ಸ್‌ಫರ್ಡಿನ ಕ್ಲಾರೆಂಡನ್‌ಗೆ ಬೇರೆ ಅರ್ಜಿ ಬೇಡ, ಡಿಸೆಂಬರ್–ಜನವರಿಯ ಗಡುವಿನೊಳಗೆ ಕೋರ್ಸಿಗೆ ಹಾಕಿದರೆ ತಾನಾಗಿಯೇ ಪರಿಗಣನೆಗೆ ಬರುತ್ತದೆ. ಅಲ್ಲೇ ಮಾನವಿಕ ವಿಷಯಗಳಿಗೆಂದೇ ಎರ್ಟೆಗುನ್ ವಿದ್ಯಾರ್ಥಿವೇತನ ಇದೆ. ಕೇಂಬ್ರಿಡ್ಜಿಗೆ ಗೇಟ್ಸ್. ಇನ್‌ಲ್ಯಾಕ್ಸ್ ವಿದ್ಯಾರ್ಥಿವೇತನ ಮಾನವಿಕದವರಿಗೆ ಮುಕ್ತ. ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಿರಬೇಕು. ಕಾಲೇಜು ಅಧ್ಯಾಪಕರಿಗೆ, ಮ್ಯೂಸಿಯಂ ಅಥವಾ ಪುರಾತತ್ವ ಇಲಾಖೆಯಲ್ಲಿರುವವರಿಗೆ ಅದು ಹೊಂದುತ್ತದೆ, ಬಿಎ ಮುಗಿಸಿದ ಕೂಡಲೇ ಹೊರಟವರಿಗೆ ಹೊಂದುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಮಾನವಿಕ ಕೋರ್ಸುಗಳು ಆ ವರ್ಷದ ಪಟ್ಟಿಯಲ್ಲಿವೆಯೇ ಎಂದು ಅಧಿಸೂಚನೆ ನೋಡಿಯೇ ಮುಂದುವರಿಯಬೇಕು.

ಒಂದು ವರ್ಷದ ಕೋರ್ಸಿನ ದೊಡ್ಡ ತೊಡಕು ಹೋದ ಮೇಲಷ್ಟೇ ತಿಳಿಯುತ್ತದೆ. ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ. ಮುಂದಿನ ವರ್ಷದ ಪಿಎಚ್‌ಡಿ ಅರ್ಜಿಗಳ ಗಡುವು ಡಿಸೆಂಬರಿನಲ್ಲಿ. ಎರಡು ತಿಂಗಳಲ್ಲಿ ಒಂದು ಅಂಕವೂ ಬಂದಿರುವುದಿಲ್ಲ, ಪ್ರಾಧ್ಯಾಪಕರಿಗೆ ನಿಮ್ಮ ಹೆಸರು ಸರಿಯಾಗಿ ನೆನಪಿರುವುದಿಲ್ಲ, ಅವರಿಂದ ಬರುವ ಶಿಫಾರಸು ಪತ್ರ ತೆಳುವಾಗಿಯೇ ಇರುತ್ತದೆ. ಅದೇ ವರ್ಷದಲ್ಲಿ ಹೊಸದಾಗಿ ಗ್ರೀಕ್ ಕಲಿಯಬೇಕು, ಹತ್ತು–ಹದಿನೈದು ಸಾವಿರ ಪದಗಳ ಡಿಸರ್ಟೇಶನ್ ಬರೆಯಬೇಕು. ಹಾಗಾಗಿ ಪಿಎಚ್‌ಡಿ ಗುರಿಯಿದ್ದವರು ಎಂಎ ನಂತರ ಒಂದು ವರ್ಷದ ಬಿಡುವನ್ನು ಮೊದಲೇ ಯೋಜನೆಯಲ್ಲಿ ಸೇರಿಸಿಕೊಳ್ಳಲಿ, ಇಲ್ಲವೇ ಎರಡು ವರ್ಷದ ಎಂಫಿಲ್‌ಗೆ ಪ್ರಯತ್ನಿಸಲಿ.

ಅಮೆರಿಕ: ನಿಧಾನ, ಆದರೆ ಅವರೇ ದುಡ್ಡು ಕೊಡುತ್ತಾರೆ

ಇಲ್ಲಿ ಮೂರು ಮೆಟ್ಟಿಲು. ಕೆಳಗಿನದು ಪೋಸ್ಟ್‌ಬ್ಯಾಕ್: ಪದವಿಯಾದ ಮೇಲೆ ಬರೀ ಗ್ರೀಕ್, ಲ್ಯಾಟಿನ್ ಮೇಲೆ ಒಂದೆರಡು ವರ್ಷ ಕೂರುವುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಯುಸಿಎಲ್‌ಎ, ಜಾರ್ಜ್‌ಟೌನ್ ಮುಂತಾದ ಕಡೆ ಇದು ನಡೆದುಬಂದಿದೆ. ಇದರಿಂದ ಬರುವುದು ಸರ್ಟಿಫಿಕೇಟು, ಪದವಿಯಲ್ಲ. ಖರ್ಚು ಮಾತ್ರ ಬಹುಪಾಲು ನಿಮ್ಮದೇ. ಭಾರತದಿಂದ ಅದಕ್ಕೆಂದೇ ಹೋಗುವುದು ದುಬಾರಿಯಾಯಿತು. ಅದೇ ಕೆಲಸವನ್ನು ಬೇಸಿಗೆಯ ತೀವ್ರ ಕೋರ್ಸುಗಳಲ್ಲಿ ಭಾಗಶಃ ಮಾಡಬಹುದು: ನ್ಯೂಯಾರ್ಕಿನ ಕ್ಯೂನಿ ಲ್ಯಾಟಿನ್–ಗ್ರೀಕ್ ಇನ್‌ಸ್ಟಿಟ್ಯೂಟ್, ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯದ ಬೇಸಿಗೆ ಶಾಲೆ. ಎರಡು ತಿಂಗಳ ಆಸುಪಾಸಿನಲ್ಲಿ ವ್ಯಾಕರಣ ಪೂರ್ತಿ ಮುಗಿಸುತ್ತಾರೆ. ಬೆಳಿಗ್ಗೆ ಪಾಠ, ಸಂಜೆ ಐದಾರು ಗಂಟೆ ಮನೆಕೆಲಸ, ಮರುದಿನ ಬೆಳಿಗ್ಗೆ ಪರೀಕ್ಷೆ. ಆ ಎರಡು ತಿಂಗಳಲ್ಲಿ ಬೇರೆ ಕೆಲಸ ಇಟ್ಟುಕೊಂಡವರು ಮೂರನೇ ವಾರಕ್ಕೆ ಹಿಂದೆ ಬೀಳುತ್ತಾರೆ.

ನಡುವಿನ ಮೆಟ್ಟಿಲು ಎರಡು ವರ್ಷದ ಎಂಎ. ನಮ್ಮವರು ಗಮನಿಸದೇ ಬಿಡುವ ಒಳ್ಳೆಯ ದಾರಿ ಇದೇ. ಜಾರ್ಜಿಯಾ, ಕ್ಯಾನ್ಸಸ್, ಅರಿಜೋನಾ, ಟೆಕ್ಸಸ್ ಟೆಕ್‌ನಂಥ ರಾಜ್ಯ ವಿಶ್ವವಿದ್ಯಾಲಯಗಳ ಎಂಎಗಳಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಗುವ ಅವಕಾಶವಿದೆ. ಸಿಕ್ಕರೆ ಫೀಸಿನ ಬಹುಭಾಗ ಮಾಫಿ, ಕೈಗೆ ಸಾಧಾರಣ ಸ್ಟೈಪೆಂಡು. ಪದವಿ ತರಗತಿಯವರಿಗೆ ಮೊದಲ ವರ್ಷದ ಲ್ಯಾಟಿನ್ ಅಥವಾ ಪುರಾಣಕಥೆಗಳ ಪಾಠ ಮಾಡಬೇಕಾಗುತ್ತದೆ. ಪಾಠ ಮಾಡಿದವರಿಗೆ ವ್ಯಾಕರಣ ಮರೆಯುವುದಿಲ್ಲ, ಅದು ಬೇರೆ ಲಾಭ. ಮಾತಾಡುವ ಲ್ಯಾಟಿನ್ ಕಲಿಯಬೇಕೆಂದಿದ್ದರೆ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ನಿನಲ್ಲೇ ಪಾಠ ನಡೆಯುವ ವಿಶೇಷ ಕಾರ್ಯಕ್ರಮ ಇದೆ. ಸಂಸ್ಕೃತ ಸಂಭಾಷಣಾ ಶಿಬಿರಗಳಿಗೆ ಹೋದವರಿಗೆ ಆ ಕ್ರಮ ಕೂಡಲೇ ಒಗ್ಗುತ್ತದೆ. ಕೆನಡಾದ ಯುಬಿಸಿ, ಮೆಕ್‌ಮಾಸ್ಟರ್‌ಗಳನ್ನೂ ಇದೇ ಸಾಲಿನಲ್ಲಿಟ್ಟು ನೋಡಬಹುದು.

ಮೇಲಿನ ಮೆಟ್ಟಿಲು ನೇರ ಪಿಎಚ್‌ಡಿ. ಐದಾರು ವರ್ಷ, ಫೀಸು ಇಲ್ಲ, ಸ್ಟೈಪೆಂಡು ಇದೆ, ದಾರಿಯಲ್ಲೇ ಎಂಎ ಸಿಗುತ್ತದೆ. ದುಡ್ಡಿನ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ, ಆದರೆ ಬಾಗಿಲು ಕಿರಿದು ಮತ್ತು ಇನ್ನೂ ಕಿರಿದಾಗುತ್ತಿದೆ. 2025ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಕ್ಲಾಸಿಕ್ಸ್ ಸೇರಿ ಹಲವು ಮಾನವಿಕ ವಿಭಾಗಗಳಲ್ಲಿ ಮುಂದಿನ ವರ್ಷದ ಪಿಎಚ್‌ಡಿ ಪ್ರವೇಶವನ್ನೇ ನಿಲ್ಲಿಸಿತು. ಅರ್ಜಿ ಶುಲ್ಕ ಕಟ್ಟುವ ಮುಂಚೆ 'ಈ ವರ್ಷ ಪ್ರವೇಶ ಇದೆಯೇ?' ಎಂದು ವಿಭಾಗಕ್ಕೆ ಒಂದು ಸಾಲಿನ ಮೇಲ್ ಹಾಕುವುದು ಈಗ ಅಗತ್ಯ. ಒಂದೊಂದು ಅರ್ಜಿಗೆ 75ರಿಂದ 125 ಡಾಲರ್ ಹೋಗುತ್ತದೆ. ಎಂಟು ಕಡೆ ಹಾಕಿದರೆ ಅದೇ ಒಂದು ದೊಡ್ಡ ಗಂಟು. ಶುಲ್ಕ ಮನ್ನಾ ಕೇಳಲು ಸಂಕೋಚ ಬೇಡ, ಕೇಳಿದವರಿಗೆ ಎಷ್ಟೋ ಕಡೆ ಸಿಗುತ್ತದೆ.

ಅಮೆರಿಕದಲ್ಲೇ ಇರುವ ಕನ್ನಡಿಗರಿಗೆ ಲೆಕ್ಕ ಬೇರೆ. ಎಚ್–4 ವೀಸಾದಲ್ಲಿ ಇರುವವರು ವೀಸಾ ಬದಲಿಸದೆ ಓದಬಹುದು. ಹತ್ತಿರದ ರಾಜ್ಯ ವಿಶ್ವವಿದ್ಯಾಲಯದಲ್ಲಿ ಒಂದೊಂದೇ ಕೋರ್ಸಾಗಿ ಲ್ಯಾಟಿನ್ ಮುಗಿಸಿಕೊಂಡರೆ ಪೋಸ್ಟ್‌ಬ್ಯಾಕ್ ಖರ್ಚೇ ಉಳಿಯಿತು. ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಮಾತ್ರ ಕೆಲಸದ ಅನುಮತಿ ಬೇಕು ಎಂಬುದು ನೆನಪಿರಲಿ. ಅಲ್ಲಿನ ಶಾಲೆಗಳಲ್ಲಿ ಲ್ಯಾಟಿನ್ ಮೇಷ್ಟ್ರಾಗುವ ಆಸೆಯಿದ್ದರೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಂಥ ಕಡೆ ಅದಕ್ಕೆಂದೇ ಎಂಎಟಿ ಪದವಿ ಇದೆ. ಈ ಇಡೀ ವಿಷಯದಲ್ಲಿ ಓದು ಮುಗಿದ ಕೂಡಲೇ ಉದ್ಯೋಗಕ್ಕೆ ಒಯ್ಯುವ ನೇರ ದಾರಿ ಬಹುಶಃ ಇದೊಂದೇ.

ಜರ್ಮನಿ: ಫೀಸಿಲ್ಲ, ಭಾಷೆ ಮೂರು

ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಹೈಡೆಲ್‌ಬರ್ಗ್, ಟ್ಯೂಬಿಂಗನ್, ಫ್ರೈಬುರ್ಗ್ ಇರುವ ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯುರೋ ತೆಗೆದುಕೊಳ್ಳುತ್ತದೆ. ವೀಸಾಕ್ಕೆ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯುರೋ ಇಡಬೇಕು. ಎರಡು ವರ್ಷಕ್ಕೆ 23,808, ಯುರೋಗೆ 100 ರೂಪಾಯಿ ಹಿಡಿದರೆ 24 ಲಕ್ಷದ ಹತ್ತಿರ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದಾದ್ದರಿಂದ ಒಂದಷ್ಟು ಅಲ್ಲೇ ದುಡಿಯಬಹುದು. ಭಾರತದ ಪದವಿಗೆ ಮೊದಲು ಎಪಿಎಸ್ ಸರ್ಟಿಫಿಕೇಟ್, ಅಂದರೆ ದಾಖಲೆಗಳು ಅಸಲಿ ಎಂಬ ಪರಿಶೀಲನಾ ಪತ್ರ, ಮಾಡಿಸಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಜುಲೈ ಗಡುವಿನ ಅರ್ಜಿಗೆ ಜನವರಿಯಲ್ಲೇ ಶುರು ಮಾಡಿ.

ಇಷ್ಟು ಅಗ್ಗವಾದರೂ ಎಲ್ಲರೂ ಯಾಕೆ ಹೋಗುವುದಿಲ್ಲ? ಪಾಠ ಜರ್ಮನ್ನಿನಲ್ಲಿ. ಸಿ1, ಅಂದರೆ ಭಾಷೆ ಸರಾಗವಾಗಿ ಬರುವ ಉನ್ನತ ಮಟ್ಟ ಬೇಕು. ಅದರ ಮೇಲೆ ಲ್ಯಾಟಿನುಮ್, ಗ್ರೇಕುಮ್ ಎಂಬ ಭಾಷಾ ಅರ್ಹತೆಗಳು. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಮೊದಲ ಹಂತವಾದ ಎ1ರಿಂದ ಶುರು ಮಾಡಿದವರಿಗೆ ಸಿ1 ತಲುಪಲು ಒಂದೂವರೆ–ಎರಡು ವರ್ಷ ಬೇಕು. ಕ್ಲಾಸಿಕಲ್ ಫಿಲಾಲಜಿಯ ಎಂಎಗೆ ಅದೇ ವಿಷಯದ ಬಿಎ ಕೇಳುವುದರಿಂದ ಇತಿಹಾಸದವರಿಗೆ ಅಲ್ಲಿ ಜಾಗವಿಲ್ಲ. 'ಆಲ್ಟೆ ಗೆಶಿಷ್ಟೆ', ಅಂದರೆ ಪ್ರಾಚೀನ ಇತಿಹಾಸಕ್ಕೆ ಪ್ರಯತ್ನಿಸಬಹುದು. ಆದರೂ ಒಂದು ಮಾತು: ಈ ಶಾಸ್ತ್ರದಲ್ಲಿ ಮುಂದುವರಿಯುವವರು ಎಲ್ಲಿ ಓದಿದರೂ ಜರ್ಮನ್ ಓದಲು ಕಲಿಯಲೇಬೇಕು. ಅಮೆರಿಕದ ಪಿಎಚ್‌ಡಿಯಲ್ಲಿ ಅದಕ್ಕೆ ಪರೀಕ್ಷೆಯೇ ಇರುತ್ತದೆ. ಇಪ್ಪತ್ತೆರಡು ವರ್ಷದ, ಕೈಯಲ್ಲಿ ಸಮಯ ಇರುವ, ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗೆ ಜರ್ಮನಿಯಷ್ಟು ಗಟ್ಟಿ ತಳಪಾಯ ಬೇರೆ ಕಡೆ ಸಿಗುವುದು ಕಷ್ಟ.

ಇಟಲಿ, ಗ್ರೀಸ್, ನೆದರ್‌ಲ್ಯಾಂಡ್ಸ್

ಇಟಲಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಮನೆಯ ಆದಾಯ ನೋಡಿ ನಿಗದಿಯಾಗುತ್ತದೆ. ಕಡಿಮೆ ಆದಾಯದವರಿಗೆ ಪ್ರಾದೇಶಿಕ ಡಿಎಸ್‌ಯು ವಿದ್ಯಾರ್ಥಿವೇತನ ಇದೆ, ವಿದೇಶೀಯರಿಗೂ ಉಂಟು. ಪಾವಿಯಾ ವಿಶ್ವವಿದ್ಯಾಲಯ ಪ್ರಾಚೀನ ಮೆಡಿಟರೇನಿಯನ್ ಜಗತ್ತಿನ ಇತಿಹಾಸ, ಪುರಾತತ್ವ, ಕಲೆಯ ಬಗ್ಗೆ ಇಂಗ್ಲಿಷಿನಲ್ಲೇ ಎಂಎ ನಡೆಸುತ್ತದೆ. ಹಳ್ಳಿಯ ರೈತ ಕುಟುಂಬದ ವಿದ್ಯಾರ್ಥಿಗೆ ಯುರೋಪಿನಲ್ಲಿ ಕೈಗೆಟುಕುವ ದಾರಿ ಇದು. ಕಷ್ಟ ಇರುವುದು ಕಾಗದಪತ್ರದಲ್ಲಿ: ಮನೆಯವರೆಲ್ಲರ ಆದಾಯ, ಆಸ್ತಿ, ಬ್ಯಾಂಕ್ ಉಳಿಕೆಯ ದಾಖಲೆಗಳಿಗೆ ಅಪೋಸ್ಟಿಲ್, ಅಂದರೆ ವಿದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ ಮಾಡಿಸಿ, ಇಟಾಲಿಯನ್ನಿಗೆ ಅನುವಾದಿಸಿ ಕೊಡಬೇಕು. ಪಹಣಿಯಲ್ಲಿ ಅಜ್ಜನ ಹೆಸರೇ ಮುಂದುವರಿದಿದ್ದರೆ, ತಹಶೀಲ್ದಾರರ ಆದಾಯ ಪತ್ರದಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆರು ತಿಂಗಳು ಮೊದಲೇ ಸರಿಪಡಿಸಿಕೊಳ್ಳಿ. ಮೊದಲ ವರ್ಷ ನಿಗದಿತ ಕ್ರೆಡಿಟ್ ಗಳಿಸದಿದ್ದರೆ ಕೊಟ್ಟ ಹಣ ವಾಪಸ್ ಕೇಳುತ್ತಾರೆ ಎಂಬುದೂ ತಿಳಿದಿರಲಿ.

ಅಥೆನ್ಸ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಮತ್ತು ಪೂರ್ವ ಮೆಡಿಟರೇನಿಯನ್ ಪುರಾತತ್ವದ ಎಂಎ ಇಂಗ್ಲಿಷಿನಲ್ಲಿದೆ. ಮಣ್ಣಿನ ಕೆಲಸ ಇಷ್ಟಪಡುವವರಿಗೆ ಸರಿ, ಹೋಮರನನ್ನು ಓದಬೇಕೆನ್ನುವವರಿಗೆ ಅಲ್ಲ. ಲೈಡನ್ನಿನ ಕ್ಲಾಸಿಕ್ಸ್ ಎಂಎ ಒಂದು ವರ್ಷ, ರಿಸರ್ಚ್ ಮಾಸ್ಟರ್ ಎರಡು ವರ್ಷ. ಮಟ್ಟ ಬಹಳ ಒಳ್ಳೆಯದು, ಫೀಸು ಬ್ರಿಟನ್ನಿಗೆ ಹತ್ತಿರ.

ಊರು ಬಿಡದೆ

ಕೆಲಸ, ಮನೆ, ವಯಸ್ಸಾದ ತಂದೆ–ತಾಯಿ ಇರುವವರಿಗೆ ಎರಡು ದಾರಿ. ಒಂದು ದೂರಶಿಕ್ಷಣ: ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಕ್ಲಾಸಿಕಲ್ ಸ್ಟಡೀಸ್ ಎಂಎ 180 ಕ್ರೆಡಿಟ್‌ಗಳದ್ದು, ಅರೆಕಾಲಿಕವಾಗಿ ಓದುವಂಥದ್ದು. ಭಾಷೆ ಬಾರದವರೂ ಸೇರಬಹುದು. ವಿಷಯದ ಪ್ರೀತಿಗೆ ಓದುವವರಿಗೆ, ಬ್ರಿಟನ್ನಿನಲ್ಲೇ ಕೆಲಸದಲ್ಲಿರುವ ಕನ್ನಡಿಗರಿಗೆ ಇದು ಚೆನ್ನ. ಭಾಷೆಯನ್ನು ಬೇರೆ ಕಡೆ ಕಲಿಯದೆ ಇದೊಂದರ ಮೇಲೆ ಪಿಎಚ್‌ಡಿಯ ನಂಬಿಕೆ ಇಡುವುದು ಬೇಡ.

ಇನ್ನೊಂದು ದಾರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದನ್ನು ಕೀಳಾಗಿ ಕಾಣುವ ರೂಢಿ ಬಂದುಬಿಟ್ಟಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ಎಂಎ, ಮೈಸೂರು ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ. ಎರಡು ವರ್ಷಕ್ಕೆ ಲಂಡನ್ನಿನ ಎರಡು ತಿಂಗಳ ಬಾಡಿಗೆಯಷ್ಟೂ ಆಗದ ಫೀಸು. ಇವು ಗ್ರೀಸ್–ರೋಮ್ ಕಲಿಸುವುದಿಲ್ಲ, ನಿಜ. ಆದರೆ ರೋಮ್ ಜೊತೆಗಿನ ಹಿಂದೂ ಮಹಾಸಾಗರದ ವ್ಯಾಪಾರ ನಿಮ್ಮ ವಿಷಯವಾದರೆ ಅರ್ಧ ಆಕರ ಇಲ್ಲೇ ಇದೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ನಾಣ್ಯಗಳ ನಿಧಿಯೇ ಸಿಕ್ಕಿತ್ತು, ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟೀನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ಚಿನ್ನದ ನಾಣ್ಯಗಳು. ಅತ್ತ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಬೆರೆನಿಕೆಯಲ್ಲಿ, ಸೆರಾಪಿಸ್ ದೇವಾಲಯದ ಅಂಗಳದಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಮಣ್ಣಿನ ಹರವಿಯೊಂದರೊಳಗೆ ಏಳೂವರೆ ಕಿಲೋ ಕರಿಮೆಣಸು ಹಾಗೇ ಉಳಿದುಕೊಂಡಿತ್ತು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ 413ನೇ ಪಪೈರಸ್ಸಿನ (ಜೊಂಡಿನ ಹಾಳೆಯ ಬರಹದ) ಗ್ರೀಕ್ ಪ್ರಹಸನದಲ್ಲಿರುವ ಪರಭಾಷೆಯ ಮಾತುಗಳು ಕನ್ನಡವೋ, ತುಳುವೋ, ಬರೀ ಶಬ್ದವೋ ಎಂಬ ವಾದ ನೂರು ವರ್ಷ ದಾಟಿಯೂ ಮುಗಿದಿಲ್ಲ. ಶಾಸನತಜ್ಞ ಹುಲ್ಷ್ ಅವರಿಂದ ಗೋವಿಂದ ಪೈಗಳವರೆಗೆ ಹಲವರು ಅದರಲ್ಲಿ ತೊಡಗಿಕೊಂಡಿದ್ದಾರೆ. ಗ್ರೀಕ್ ಪಪೈರಸ್ ಓದಬಲ್ಲ, ಹಳಗನ್ನಡದ ಶಾಸನವನ್ನೂ ಓದಬಲ್ಲ ಒಬ್ಬ ವಿದ್ಯಾರ್ಥಿಗೆ ಯಾವ ವಿಭಾಗವೂ ಸುಲಭವಾಗಿ ಇಲ್ಲ ಎನ್ನಲಾರದು.

ಈ ದಾರಿಯಲ್ಲಿ ಗ್ರೀಕ್ ಎಲ್ಲಿ ಕಲಿಯುವುದು? ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ದೇವಶಾಸ್ತ್ರದ ಕಾಲೇಜುಗಳಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಕಲಿಸುತ್ತಾರೆ. ಹೊರಗಿನವರನ್ನು ಕೂರಿಸಿಕೊಳ್ಳುತ್ತಾರೆಯೇ ಎಂದು ನೇರವಾಗಿ ಹೋಗಿ ಕೇಳಬೇಕು. ಅದು ಕೊಯ್ನೆ ಗ್ರೀಕ್, ಪ್ಲೇಟೊನ ಗ್ರೀಕಿಗಿಂತ ಸರಳ. ಮೊದಲು ಅದನ್ನು ಕಲಿತವರಿಗೆ ಆಮೇಲೆ ಅಥೆನ್ಸಿನ ಗದ್ಯದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಆಪ್ಟೇಟಿವ್ (ಇಚ್ಛೆ, ಸಾಧ್ಯತೆ ಸೂಚಿಸುವ) ಕ್ರಿಯಾರೂಪಗಳು ಹೊಸದಾಗಿ ಕಾಡುತ್ತವೆ. ಸಾಧ್ಯವಿದ್ದರೆ ಆನ್‌ಲೈನಿನಲ್ಲಿ ಅಥೆನ್ಸಿನ ಗ್ರೀಕನ್ನೇ ಮೊದಲು ಕಲಿತು ಕೊಯ್ನೆಗೆ ಬನ್ನಿ. ಮೇಲಿನಿಂದ ಕೆಳಗೆ ಬರುವುದು ಸುಲಭ.

ಹಾಗಾದರೆ ಯಾರು ಎಲ್ಲಿಗೆ?

ಇಪ್ಪತ್ತೊಂದರ ಇತಿಹಾಸ ಬಿಎ, ಭಾಷೆ ಶೂನ್ಯ, ದುಡ್ಡಿಲ್ಲ: ಇಲ್ಲೇ ಎರಡು ವರ್ಷದ ಎಂಎ, ಜೊತೆಗೆ ದಿನಕ್ಕೆ ಒಂದೂವರೆ ಗಂಟೆ ಲ್ಯಾಟಿನ್, ಆಮೇಲೆ ಅಮೆರಿಕದ ಅಸಿಸ್ಟೆಂಟ್‌ಶಿಪ್ ಇರುವ ಎಂಎ ಅಥವಾ ಪಾವಿಯಾ. ಸಂಸ್ಕೃತ ಎಂಎ ಆದವರು ಗ್ರೀಕನ್ನು ಒಂದು ವರ್ಷ ಗಟ್ಟಿಯಾಗಿ ಹಿಡಿದು ಅದೇ ಅಮೆರಿಕದ ಎಂಎಗೆ, ಇಲ್ಲವೇ ಆಕ್ಸ್‌ಫರ್ಡಿನ ಎಂಫಿಲ್‌ಗೆ ಫೆಲಿಕ್ಸ್ ಜೊತೆ ಪ್ರಯತ್ನಿಸಲಿ. ಎರಡನೆಯ ಭಾಷೆಯನ್ನೂ ಶುರು ಮಾಡಿರಬೇಕು. ಕಾಲೇಜಿನಲ್ಲಿ ಕಾಯಂ ಕೆಲಸದಲ್ಲಿರುವ ಅಧ್ಯಾಪಕರಿಗೆ ಚೀವ್ನಿಂಗ್, ಪ್ರಾಚೀನ ಇತಿಹಾಸದ ಒಂದು ವರ್ಷದ ಎಂಎ, ರಜೆ ಹಾಕಿ ಹೋಗಿ ಬರುವುದು. ಕೈಯಲ್ಲಿ ಉಳಿತಾಯ ಇರುವ ಸಾಫ್ಟ್‌ವೇರಿನವರು ಕೆಲಸ ಬಿಡುವ ಮೊದಲು ಒಂದು ಬೇಸಿಗೆಯ ತೀವ್ರ ಕೋರ್ಸು ಮಾಡಿ ನೋಡಲಿ. ಅದನ್ನು ದಾಟಿದರೆ ಮುಂದಿನದನ್ನೂ ದಾಟುತ್ತಾರೆ.

ಅರ್ಜಿ ಹಾಕುವಾಗ

ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ಅದರಲ್ಲಿ ಒಂದಾದರೂ ನಿಮಗೆ ಭಾಷೆ ಕಲಿಸಿದವರಿಂದ ಬರಲಿ, ಆನ್‌ಲೈನ್ ಮೇಷ್ಟ್ರಾದರೂ ಸರಿ. 'ಇವರು ಈ ವರ್ಷ ಸೀಸರನ ಮೊದಲ ಪುಸ್ತಕ ಪೂರ್ತಿ ಓದಿದ್ದಾರೆ' ಎಂಬ ಒಂದು ವಾಕ್ಯ, 'ಪ್ರತಿಭಾವಂತ ವಿದ್ಯಾರ್ಥಿ' ಎಂಬ ಒಂದು ಪುಟಕ್ಕಿಂತ ತೂಕದ್ದು. ಅರ್ಜಿಯ ಜೊತೆ ಓದಿದ ಪಠ್ಯಗಳ ಒಂದು ಪುಟದ ಪಟ್ಟಿ ಇಡಿ: ಲೇಖಕ, ಕೃತಿ, ಯಾವ ಭಾಗ, ಎಷ್ಟು ಸಾಲು.

ಬರವಣಿಗೆಯ ಮಾದರಿ ಆಕ್ಸ್‌ಫರ್ಡಿಗೆ ಸುಮಾರು 2,000 ಪದದ ಎರಡು ಪ್ರಬಂಧ, ಅಮೆರಿಕದ ಪಿಎಚ್‌ಡಿಗೆ 15ರಿಂದ 25 ಪುಟ. 'ರೋಮನ್ ಸಾಮ್ರಾಜ್ಯದ ಪತನ' ಎಂಬಂಥ ದೊಡ್ಡ ಶೀರ್ಷಿಕೆ ತೆಗೆದುಕೊಂಡು ಕೈಪಿಡಿಗಳ ಸಾರ ಬರೆಯುವುದು ನಮ್ಮ ಕಡೆಯ ಅರ್ಜಿಗಳಲ್ಲಿ ಕಾಣುವ ದೊಡ್ಡ ದೋಷ. ಪ್ಲಿನಿಯ ಒಂದು ಪತ್ರ, ಒಂದು ಶಾಸನ, ಒಂದು ನಾಣ್ಯ ಹಿಡಿದುಕೊಳ್ಳಿ. ಮೂಲದ ಮೂರು ಸಾಲನ್ನು ನೀವೇ ಅನುವಾದಿಸಿ, ಯಾವ ಪದದ ಮೇಲೆ ವಿದ್ವಾಂಸರಿಗೆ ಭಿನ್ನಾಭಿಪ್ರಾಯ ಇದೆ, ನಿಮ್ಮ ನಿಲುವೇನು, ಯಾಕೆ ಎಂದು ಬರೆಯಿರಿ. ಅನುವಾದದಲ್ಲಿ ಒಂದು ವಿಭಕ್ತಿ ತಪ್ಪಿದ್ದರೂ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಕಳಿಸುವ ಮುನ್ನ ಭಾಷೆ ಕಲಿಸಿದವರಿಗೆ ಒಮ್ಮೆ ತೋರಿಸಿ. ಅದಕ್ಕೆ ಅವರಿಗೆ ಎರಡು ವಾರವಾದರೂ ಸಮಯ ಬೇಕು. ಡಿಸೆಂಬರ್ 1ರ ಗಡುವಿದ್ದರೆ ನವೆಂಬರ್ ಮೊದಲ ವಾರದಲ್ಲಿ ಕರಡು ಅವರ ಕೈಯಲ್ಲಿರಲಿ.